ಟೆಸ್ಟ್ ಬೋರಿನ ಕೀಲಿ

ಆ ಬೋರಿನ ಮುಚ್ಚಳಕ್ಕೆ ಯಾರೋ ಅರಿಶಿನ ಬಳಿದು, ನಡುವೆ ಕುಂಕುಮದ ಬೊಟ್ಟಿಟ್ಟು, ಮೇಲೊಂದು ಚೆಂಡುಹೂವು ಇಟ್ಟಿದ್ದರು. ನಾನು ಅದರ ಫೋಟೊ ತೆಗೆದು ಬೆಂಗಳೂರಿನ ಆಫೀಸಿನವರಿಗೆಲ್ಲ ಕಳಿಸಿದೆ. 'ನಮ್ಮ ಬೋರಿಗೆ ಸೀಮಂತ' ಎಂದು ಕೆಳಗೆ ತಮಾಷೆ ಬೇರೆ ಬರೆದೆ. ಎಲ್ಲರೂ ನಕ್ಕರು. ಆ ಫೋಟೊ ಈಗಲೂ ಫೋನಿನಲ್ಲಿದೆ. ಅಳಿಸಲು ಮನಸ್ಸು ಬರುವುದಿಲ್ಲ, ನೋಡಿದರೆ ಮುಖ ಬಿಸಿಯಾಗುತ್ತದೆ.

ಮಧುಗಿರಿಯಿಂದ ಶಿರಾ ರಸ್ತೆಯಲ್ಲಿ ಬಡವನಹಳ್ಳಿ ದಾಟಿ ಒಳಗೆ ತಿರುಗಿದರೆ ಸಿಗುವ ಊರು ಅದು. ಹೆಸರು ಬೇಡ. ಊರಾಚೆ ಒಂದು ಸಣ್ಣ ಕಾರ್ಖಾನೆ ಇತ್ತು, ಚರ್ಮ ಹದ ಮಾಡುವವರಿಗೆ ಬೇಕಾದ ಕ್ರೋಮಿಯಂ ಉಪ್ಪು ತಯಾರಿಸುತ್ತಿತ್ತು. ಅದು ಮುಚ್ಚಿ ಒಂದು ತಲೆಮಾರೇ ಕಳೆದಿದೆ. ಮಾಲೀಕರು ಎದ್ದು ಹೋದರು, ಯಂತ್ರಗಳು ಗುಜರಿ ಸೇರಿದವು, ಹಿಂಭಾಗದಲ್ಲಿ ಗುಡ್ಡೆ ಹಾಕಿದ್ದ ಕಸ ಮಾತ್ರ ಅಲ್ಲೇ ಉಳಿಯಿತು. ಮಳೆ ಬಂದಾಗಲೆಲ್ಲ ಅದರಿಂದ ಹಳದಿ ನೀರು ಇಳಿದು ನೆಲಕ್ಕೆ ಇಂಗುತ್ತಿತ್ತು. ಕೊನೆಗೊಮ್ಮೆ ಸರ್ಕಾರ ಎಚ್ಚೆತ್ತು, ಜೇಡಿಮಣ್ಣು ಮತ್ತು ದಪ್ಪ ಪ್ಲಾಸ್ಟಿಕ್ ಹಾಸಿದ ಗುಂಡಿಗೆ ಆ ಕಸವನ್ನೆಲ್ಲ ತುಂಬಿ ಮುಚ್ಚಿಸಿತು. ನೆಲದಡಿಯ ಕೆಟ್ಟ ನೀರನ್ನು ಮೇಲೆತ್ತಿ ಶುದ್ಧ ಮಾಡುವ ಒಂದು ಘಟಕವನ್ನೂ ಹಾಕಿಸಿತು. ಇಷ್ಟೆಲ್ಲ ಮಾಡಿದ್ದು ಫಲ ಕೊಟ್ಟಿದೆಯೇ ಇಲ್ಲವೇ ಎಂದು ಅಳೆದು ಹೇಳಲು ನಮ್ಮ ಕಂಪನಿಯನ್ನು ನೇಮಿಸಿದರು. ಅಲ್ಲಿಗೆ ಹೋಗಿ ನೀರು ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು.

ನೀರು ಹಿಡಿಯುವುದು ಎಂದರೆ ಬಿಂದಿಗೆ ಒಡ್ಡಿದಂತಲ್ಲ. ನೆಲದೊಳಗಿನ ಸ್ಥಿತಿ ತಿಳಿಯಲೆಂದೇ ಕೊರೆದ ಸಣ್ಣ ಬೋರುಗಳಿರುತ್ತವೆ. ಊರವರು ಅವನ್ನು 'ಟೆಸ್ಟ್ ಬೋರ್' ಎನ್ನುತ್ತಿದ್ದರು. ಅವುಗಳ ಕೊಳವೆಯಲ್ಲಿ ನಿಂತ ಹಳೆಯ ನೀರನ್ನೆಲ್ಲ ಮೊದಲು ಎತ್ತಿ ಚೆಲ್ಲಬೇಕು. ಆಮೇಲೆ ಬಂಡೆಯ ಸಂದಿನಿಂದ ಹೊಸದಾಗಿ ಬಂದ ನೀರನ್ನು ಸೋಸಿ, ಬಾಟಲಿಗೆ ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ಕಳಿಸಬೇಕು. ನಾವು ಹುಡುಕುತ್ತಿದ್ದದ್ದು ಹಳದಿ ಕ್ರೋಮಿಯಂ. ಕ್ರೋಮಿಯಮ್ಮಿಗೆ ಎರಡು ವೇಷ. ಹಳದಿಯದು ವಿಷ, ನೀರಿನಲ್ಲಿ ಕರಗಿ ಊರೂರು ಸುತ್ತುತ್ತದೆ. ಹಸಿರಿನದು ಸಾಧು, ಮಣ್ಣಿಗೆ ಅಂಟಿಕೊಂಡು ಕೂತಲ್ಲೇ ಕೂರುತ್ತದೆ.

ಕಾಂಪೌಂಡಿನ ಒಳಗೆ ಹಲವು ಟೆಸ್ಟ್ ಬೋರುಗಳಿದ್ದವು. ಹೊರಗಿದ್ದದ್ದು ಒಂದೇ, ಕಾಲೋನಿಯ ಅಂಚಿನಲ್ಲಿ. ಅದರಾಚೆಗೆ ಊರಿಗೆ ಕುಡಿಯುವ ನೀರು ಕೊಡುತ್ತಿದ್ದ ದೊಡ್ಡ ಬೋರು. ಅದರಲ್ಲಿ ಹಳದಿ ಕಂಡ ಮೇಲೆ ಮೋಟಾರು ಎತ್ತಿಸಿ, ಬಾಯಿಗೆ ಕಬ್ಬಿಣದ ತಟ್ಟೆ ವೆಲ್ಡ್ ಮಾಡಿಸಿದ್ದರು. ಅಂದಿನಿಂದ ಊರಿಗೆ ಟ್ಯಾಂಕರ್ ನೀರು, ಬಂದರೆ ಬಂತು. ಕಾಲೋನಿಯ ಅಂಚಿನ ಟೆಸ್ಟ್ ಬೋರು ಸತತವಾಗಿ ಶುದ್ಧವಾಗಿದೆ ಎಂದು ನಾವು ಬರೆದುಕೊಟ್ಟರೆ, ಮೇಲಿನವರು ಅಪ್ಪಣೆ ಕೊಟ್ಟು ದೊಡ್ಡ ಬೋರು ತೆರೆಸಿ ಪರೀಕ್ಷೆ ಮಾಡಿಸುತ್ತಾರೆ. ಊರಿನ ಆಸೆಯೆಲ್ಲ ನಾನು ಫೋಟೊ ತೆಗೆದ ಆ ಅರಿಶಿನದ ಮುಚ್ಚಳದ ಮೇಲಿತ್ತು.

ಅದರ ಬೀಗದ ಕೀಲಿ ಪಂಚಾಯಿತಿಯ ವಾಟರ್‌ಮ್ಯಾನ್ ಹತ್ತಿರ ಇರುತ್ತಿತ್ತು. ಫೋನ್ ಮಾಡಿದರೆ ಒಂದು ದಿನ ಶಿರಾದಲ್ಲಿ ಇರುತ್ತಿದ್ದ, ಇನ್ನೊಂದು ದಿನ ಕೊರಟಗೆರೆಯಲ್ಲಿ ಮದುವೆ ಊಟಕ್ಕೆ ಕೂತಿರುತ್ತಿದ್ದ. ಶಿರಾದ ಐಸ್ ಕ್ಯಾಂಡಿ ಅಂಗಡಿಯಿಂದ ತಂದ ಐಸು ಪೆಟ್ಟಿಗೆಯಲ್ಲಿ ಕರಗುತ್ತಿದ್ದರೆ ನನ್ನ ಪಿತ್ತ ನೆತ್ತಿಗೇರುತ್ತಿತ್ತು. ಒಂದು ದಿನ ಅವನಿಂದ ಕೀಲಿ ಕಿತ್ತುಕೊಂಡು, ಬೋರಿನ ಎದುರು ಮನೆಯ ಹೆಂಗಸಿನ ಕೈಗೆ ಕೊಟ್ಟೆ. "ಅಕ್ಕ, ಇದು ನಿಮ್ಮ ಹತ್ರಾನೇ ಇರಲಿ. ನಾನು ಬಂದಾಗ ಕೊಟ್ಟರೆ ಸಾಕು" ಎಂದೆ.

ಆಕೆ ಬಾಗಿಲ ಪಕ್ಕದ ಮೊಳೆಗೆ ಅದನ್ನು ನೇತುಹಾಕಿದರು. ಐವತ್ತರ ಆಸುಪಾಸಿನ ಹೆಂಗಸು, ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದರು. ಗೋಡೆಯ ಮೇಲೆ ನೀಲಿ ಕೋಟಿನವರ ಫೋಟೊ, ಅದರ ಪಕ್ಕದಲ್ಲಿ ಬುದ್ಧ, ಕೆಳಗಿನ ಗೂಡಿನಲ್ಲಿ ಗಂಗಮ್ಮನ ಕಳಶ. ನನ್ನ ಮುಖವನ್ನೇ ನೋಡುತ್ತಾ, "ಯಾವೂರಮ್ಮ ನಿಮ್ದು?" ಎಂದರು.

"ಪಾವಗಡದ ಕಡೆ ಅಕ್ಕ."

"ಅಂದ್ಕಂಡೆ. ಹಲ್ಲೇ ಹೇಳ್ತದೆ" ಎಂದು ನಕ್ಕುಬಿಟ್ಟರು. ನನ್ನ ಮುಂಬಲ್ಲುಗಳು ಕಂದು. ನಮ್ಮ ಕಡೆಯ ಫ್ಲೋರೈಡ್ ನೀರಿನ ಮುದ್ರೆ. ಬೇರೆಯವರು ಹೇಳಿದ್ದರೆ ನಾನು ಸುಮ್ಮನಿರುವವಳಲ್ಲ, ಆದರೆ ಆಕೆಯ ನಗುವಿನಲ್ಲಿ ಕುಹಕವಿರಲಿಲ್ಲ. ಪಕ್ಕದ ಮನೆಗಳಿಗೆ ಕೇಳುವಂತೆ ಕೂಗಿ ಹೇಳಿದರು: "ಈಯಮ್ಮಂಗೂ ನೀರು ಕೆಡ್ಸೈತೆ ಕಣ್ರೇ. ನಮ್ ಕಷ್ಟ ಗೊತ್ತಾಯ್ತದೆ ಇವ್ರಿಗೆ!"

ಆಮೇಲೆ ಒಳಗಿನಿಂದ ಒಂದು ಲೋಟ ನೀರು, ತಟ್ಟೆಯಲ್ಲಿ ಒಂದು ಉಂಡೆ ಬೆಲ್ಲ ತಂದರು. ನಾನು ಕೈಗವಸು ತೋರಿಸಿ, "ಈಗ ತಾನೆ ಕುಡಿದೆ ಅಕ್ಕ" ಎಂದೆ. ನನ್ನ ಬ್ಯಾಗಿನಲ್ಲಿ ಬಾಟಲಿ ಇತ್ತು. ಮುಂದೆ ಪ್ರತಿ ಸಲವೂ ಹೀಗೇ ನಡೆಯಿತು. ಆಕೆ ತರುತ್ತಿದ್ದರು, ಈಗ ತಾನೆ ಕುಡಿದೆ ಎಂದು ನಾನು ಹೇಳುತ್ತಿದ್ದೆ.

ಮುಚ್ಚಳದ ಅರಿಶಿನ ಯಾರದೆಂದೂ ಅಂದೇ ಕೇಳಿದ್ದೆ. "ಕೊರ್ದೋರು ಗಂಗಮ್ಮಂಗೆ ಒಂದು ಕಾಯೂ ಒಡೀನಿಲ್ಲ. ನೀರು ಬಂದ್ಮೇಲೆ ಅಂಗೇ ಬುಟ್ರೆ ಆಯ್ತದಾ? ಅದ್ಕೆ ಶುಕ್ರವಾರ ಶುಕ್ರವಾರ ನಾವೇ ಪೂಜೆ ಮಾಡ್ತೀವಿ" ಎಂದರು. ಒಳ್ಳೆಯದು ಎಂದೆ. ಒಂದು ಪ್ರಶ್ನೆ ಹೆಚ್ಚು ಕೇಳಿದ್ದರೆ ಸಾಕಿತ್ತು, ಕೇಳಲಿಲ್ಲ.

ಸುತ್ತಿನಿಂದ ಸುತ್ತಿಗೆ ಫಲಿತಾಂಶ ಬರತೊಡಗಿತು. ಕಾಂಪೌಂಡಿನ ಒಳಗಿನ ಬೋರುಗಳಲ್ಲಿ ಹಳದಿ ಆಮೆಯಂತೆ ಇಳಿಯುತ್ತಿತ್ತು. ಕಾಲೋನಿಯ ಬೋರಿನಲ್ಲಿ ಮಾತ್ರ ಒಮ್ಮೆಗೇ ಅರ್ಧಕ್ಕೆ ಬಿತ್ತು, ಮತ್ತೆ ಬಿತ್ತು, ಕೊನೆಗೆ ಲ್ಯಾಬಿನ ಕಣ್ಣಿಗೇ ಕಾಣದಷ್ಟಾಯಿತು. ನನಗೆ ಕುಣಿಯುವಷ್ಟು ಖುಷಿ. ಇಂಥ ಜಾಗಗಳಲ್ಲಿ ಒಳ್ಳೆಯ ಸುದ್ದಿ ಹೇಳುವ ಭಾಗ್ಯ ನಮಗೆ ಸಿಗುವುದೇ ಅಪರೂಪ.

ಎಚ್ಚರಿಸುವ ಗುರುತುಗಳು ಇರಲಿಲ್ಲವೇ? ಇದ್ದವು, ಒಂದಲ್ಲ ನಾಲ್ಕು. ಆ ಬೋರಿನ ನೀರು ಸೋಸುವಾಗ ಫಿಲ್ಟರ್ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿತ್ತು. ಫಿಲ್ಟರ್ ಕಳಪೆ ಎಂದು ಬೈದೆ. ನೀರಿನಲ್ಲಿ ಆಮ್ಲಜನಕವೇ ಇಲ್ಲ ಎನ್ನುವಂತೆ ಮೀಟರಿನ ಮುಳ್ಳು ಪಾತಾಳ ತೋರಿಸುತ್ತಿತ್ತು. ಮೀಟರ್ ಬಾಡಿಗೆ ಕೊಟ್ಟವನ ಜೊತೆ ಜಗಳವಾಡಿ ಬೇರೆಯದು ತರಿಸಿದೆ, ಅದೂ ಅದನ್ನೇ ತೋರಿಸಿತು. ಕಬ್ಬಿಣದ ಅಂಶ ಏರಿತ್ತು. ಮುಚ್ಚಳದ ತುಕ್ಕು ಇರಬೇಕು ಎಂದು ಬರೆದೆ. ಹುಳಿ ಮಜ್ಜಿಗೆಯಂಥ ಒಂದು ವಾಸನೆಯೂ ಬರುತ್ತಿತ್ತು. ಪಕ್ಕದ ಚರಂಡಿಯದ್ದು ಎಂದುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಎಲ್ಲಕ್ಕಿಂತ ದೊಡ್ಡ ತಪ್ಪು ನನ್ನ ಪಂಪಿನದು, ಅಂದರೆ ನನ್ನದು. ಅದು ಬ್ಯಾಟರಿಯ ಪುಟ್ಟ ಪಂಪು. ಸ್ವಲ್ಪ ಹೊತ್ತು ಎತ್ತಿ ನಿಂತುಬಿಡುತ್ತಿತ್ತು. ನಮ್ಮ ಕಡೆಯ ಬಂಡೆ ನೆಲದಲ್ಲಿ ಬೋರು ಬರಿದಾಗುವುದು ಮಾಮೂಲಿ ತಾನೆ, ಹಳೆ ನೀರೆಲ್ಲ ಖಾಲಿಯಾಯಿತು ಎಂದುಕೊಂಡು ಕಾದು, ಆಮೇಲೆ ಬಂದ ನೀರನ್ನು ಹಿಡಿಯುತ್ತಿದ್ದೆ. ನಿಜಕ್ಕೂ ಖಾಲಿಯಾಗುತ್ತಿದ್ದದ್ದು ಪಂಪಿನ ಶಕ್ತಿ, ಬೋರಲ್ಲ. ಟೇಪು ಇಳಿಬಿಟ್ಟು ಅಳೆದಿದ್ದರೆ ತಿಳಿಯುತ್ತಿತ್ತು. ಟೇಪು ಕಾರಿನಲ್ಲೇ ಇತ್ತು.

ನಮ್ಮ ಹಿರಿಯ ಎಂಜಿನಿಯರ್ ತೂಕದ ಮನುಷ್ಯರು. ಫಲಿತಾಂಶ ನೋಡಿ, "ಇಷ್ಟು ಬೇಗ ಯಾಕೆ ಇಳೀತು? ಇನ್ನೊಂದು ಸುತ್ತು ನೋಡೋಣ. ಅಲ್ಲೀವರೆಗೆ ಯಾರಿಗೂ ಏನೂ ಹೇಳಬೇಡ" ಎಂದರು. ಸರಿ ಸಾರ್ ಎಂದೆ.

ಆ ವಾರವೇ ಕಾಂಪೌಂಡಿನ ಕೆಲಸಕ್ಕೆಂದು ಹೋದಾಗ ಅಕ್ಕನ ಜಗಲಿಯ ಮೇಲೆ ನಾಲ್ಕಾರು ಹೆಂಗಸರು ಕಡಲೆಕಾಯಿ ಬಿಡಿಸುತ್ತಾ ಕೂತಿದ್ದರು. "ಏನಮ್ಮ, ನಮ್ ನೀರು ಹೆಂಗೈತೆ?" ಎಂದು ಅಕ್ಕ ಕೇಳಿದರು. ಅಷ್ಟೂ ಮುಖಗಳು ನನ್ನ ಕಡೆ ತಿರುಗಿದವು. ಒಳ್ಳೆಯವಳಾಗುವ ಆಸೆಯನ್ನು ನನ್ನಿಂದ ತಡೆಯಲಾಗಲಿಲ್ಲ.

"ಇಲ್ಲಿ ಹಳದಿ ಇಲ್ಲ ಅಕ್ಕ. ನೀರು ಸರಿಯಾಗಿದೆ" ಎಂದುಬಿಟ್ಟೆ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನಾನು ಹೇಳಿದ್ದು ಟೆಸ್ಟ್ ಬೋರಿನ ಮಾತು, ಅವರು ಕೇಳಿಸಿಕೊಂಡದ್ದು ಊರಿನ ನೀರಿನ ಮಾತು. ಅವರು ಕೇಳಿದ್ದೂ ಅದನ್ನೇ. ಟೆಸ್ಟ್ ಬೋರಿನ ನೀರನ್ನು ಯಾರು ಕುಡಿಯುತ್ತಾರೆ?

ಮುಂದಿನ ಸುತ್ತಿಗೆ ಹೋದಾಗ ಕಾಲೋನಿಯ ಮಿನಿ ಟ್ಯಾಂಕಿನ ನಲ್ಲಿಗಳಲ್ಲಿ ನೀರು ಧೋ ಎಂದು ಸುರಿಯುತ್ತಿತ್ತು. ಟ್ಯಾಂಕಿನ ಕೊರಳಿಗೆ ಹೂವಿನ ಹಾರ. ದೊಡ್ಡ ಬೋರಿನ ವೆಲ್ಡಿಂಗ್ ಕೊಯ್ದು, ಊರವರೇ ಸೇರಿ ಹಳೆ ಮೋಟಾರು ಇಳಿಸಿ, ಅಷ್ಟರಲ್ಲಾಗಲೇ ಒಂದು ವಾರವಾಗಿತ್ತು. ಅಪ್ಪಣೆಗೂ ಪರೀಕ್ಷೆಗೂ ಯಾರು ಕಾಯುತ್ತಾರೆ? ಪಾವಗಡದ ಹಲ್ಲಿನ ಮೇಡಮ್ಮೇ ಹೇಳಿದ ಮೇಲೆ!

ಅಕ್ಕ ಓಡೋಡಿ ಬಂದರು. ಬೆಳಗಿದ ಹಿತ್ತಾಳೆ ಚೊಂಬಿನಲ್ಲಿ ನೀರು ತುಂಬಿ ನನ್ನ ಮುಂದೆ ಹಿಡಿದರು. "ತಗಳಮ್ಮ, ನಿಮ್ ಪುಣ್ಯದಿಂದ ಬಂದ ಗಂಗೆ. ನೀವು ಕುಡೀದೆ ಇದ್ರೆ ಹೆಂಗೆ?" ಎಂದರು.

ಆ ನೀರನ್ನು ಯಾರೂ ಪರೀಕ್ಷಿಸಿಲ್ಲ ಎಂದು ಅಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. 'ಕುಡಿಯಬೇಡಿ, ನಿಲ್ಲಿಸಿ' ಎನ್ನುವುದು ನನ್ನ ಕೆಲಸ. ಹಾರ ಹಾಕಿದ ಟ್ಯಾಂಕನ್ನೂ ಆ ಮುಖಗಳನ್ನೂ ನೋಡಿ ಬಾಯಿ ಬರಲಿಲ್ಲ. "ಈಗ ತಾನೆ ಕುಡಿದೆ ಅಕ್ಕ" ಎಂದೆ, ಎಂದಿನಂತೆ. ಆಕೆ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಚೊಂಬನ್ನು ತಿರುಗಿಸಿಕೊಂಡು, ತಲೆ ಮೇಲೆತ್ತಿ ತಾವೇ ಗಟಗಟನೆ ಕುಡಿದರು. ನಾನು ನೋಡುತ್ತಾ ನಿಂತಿದ್ದೆ.

ನಲ್ಲಿಯಿಂದ ಒಂದು ಬಾಟಲಿ ತುಂಬಿಕೊಂಡು ಕಾರಿಗೆ ಹೋದೆ. ಹಳದಿ ಕ್ರೋಮಿಯಂ ಇದ್ದರೆ ನೀರನ್ನು ನೇರಳೆ ಮಾಡುವ ಒಂದು ಪುಡಿ ನಮ್ಮ ಹತ್ತಿರ ಇರುತ್ತದೆ. ಹಾಕಿ ಅಲ್ಲಾಡಿಸಿದೆ. ಬಾಟಲಿ ನೇರಳೆ ಹಣ್ಣು ಹಿಂಡಿದ ಹಾಗಾಯಿತು. ಇನ್ನೊಮ್ಮೆ ಮಾಡಿದೆ, ಮತ್ತೆ ಅದೇ. ಆಮೇಲೆ ಕೂಗುತ್ತಾ ಓಡಿದೆ.

ವಾಟರ್‌ಮ್ಯಾನ್ ಮೋಟಾರು ನಿಲ್ಲಿಸಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ನೀವೇ ಯೋಳಿದ್ರಲ್ಲ ಮೇಡಂ, ಸರಿಯಾಗೈತೆ ಅಂತ?" ಎಂದ. ಹಿಂದೆ ಅವನಿಗೆ ಬೈದದ್ದಕ್ಕೆಲ್ಲ ಅದೊಂದೇ ಉತ್ತರವಾಗಿತ್ತು.

ಈಗ ಒಗಟು ಟೆಸ್ಟ್ ಬೋರಿನದು. ಗುಂಡಿಗೂ ದೊಡ್ಡ ಬೋರಿಗೂ ನಡುವೆ ಇರುವ ಅದು ಶುದ್ಧ, ಆಚೆಗಿನದು ವಿಷ. ಹೇಗೆ ಸಾಧ್ಯ? ಹಿರಿಯ ಎಂಜಿನಿಯರ್ ಫೋನಿನಲ್ಲಿ, "ನೀರು ಬೇರೆ ಸಂದಿನಿಂದ ಬರ್ತಿರಬಹುದು, ಹಾಗಂತ ಬರೆಯೋಣ" ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಮೊದಲ ಸಲ ಟೇಪು ಇಳಿಬಿಟ್ಟೆ. ಪಂಪು ನಿಂತ ಮೇಲೂ ಕೊಳವೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಹಾಗೇ ಇತ್ತು. "ಸಾರ್, ತಳದವರೆಗೆ ಊದಿಸಿ ನೋಡದೆ ನಾನು ಒಂದು ಸಾಲೂ ಬರೆಯಲ್ಲ" ಎಂದು ಹೇಳಿ, ಬೋರು ತೊಳೆಯುವ ಕಂಪ್ರೆಸರ್ ಗಾಡಿಯನ್ನು ಶಿರಾದಿಂದ ತರಿಸಿದೆ.

ಕಾಲೋನಿಯೆಲ್ಲ ನೋಡಲು ನೆರೆಯಿತು. ಗಾಳಿ ಬಿಟ್ಟಾಗ ಮೊದಲು ತಿಳಿನೀರು ಚಿಮ್ಮಿತು. ಆಮೇಲೆ ಕಲಗಚ್ಚಿನ ಹಾಗೆ ಬೂದುಬಣ್ಣದ ಲೋಳೆ ಬಂತು. ಅದರ ಜೊತೆ ಕೊಳೆತ ಹೂವಿನ ಎಸಳು, ವೀಳ್ಯದೆಲೆಯ ನಾರು, ಒಡೆದ ಬಳೆ ಚೂರು. ಹುಳಿ ವಾಸನೆಗೆ ಜನ ಸೆರಗು ಮುಚ್ಚಿಕೊಂಡರು. ಆ ಲೋಳೆ ಹರಿದು ಅಕ್ಕನ ಕಾಲಬುಡಕ್ಕೆ ಬಂದು ನಿಂತಿತು.

ಅರಿಶಿನ ಮುಚ್ಚಳಕ್ಕೆ, ಹಾಲು ಬೆಲ್ಲ ಒಳಕ್ಕೆ. ಕೀಲಿ ಮನೆಯಲ್ಲೇ ಇತ್ತಲ್ಲ, ಪ್ರತಿ ಶುಕ್ರವಾರ ಬೀಗ ತೆಗೆದು ಒಂದೊಂದು ಮನೆಯವರು ಒಂದೊಂದು ಲೋಟ ಹಾಲು, ಬೆಲ್ಲದ ನೀರು ಬಿಡುತ್ತಿದ್ದರಂತೆ. ಹಾಲು ಬೆಲ್ಲ ಸಿಕ್ಕಿದರೆ ಕಣ್ಣಿಗೆ ಕಾಣದ ಜೀವಿಗಳಿಗೆ ಹಬ್ಬ. ಅವು ನೀರಿನ ಉಸಿರನ್ನೆಲ್ಲ ಹೀರಿ, ಹಳದಿ ಕ್ರೋಮಿಯಮ್ಮನ್ನು ಹಸಿರು ಮಾಡಿ ತಳಕ್ಕೆ ಕೂರಿಸುತ್ತವೆ. ಇದು ನನಗೆ ಗೊತ್ತಿಲ್ಲದ್ದೂ ಅಲ್ಲ. ನೆಲದೊಳಗೆ ಸಕ್ಕರೆ ಕಾರ್ಖಾನೆಯ ಕಾಕಂಬಿ ಬಿಟ್ಟು ಕ್ರೋಮಿಯಂ ಕಟ್ಟಿಹಾಕುವುದು ನಮ್ಮ ಕಸುಬಿನಲ್ಲಿ ಹಳೆಯ ಉಪಾಯ. ಒಂದು ಕೊಳವೆಯಷ್ಟು ನೀರು ಮಾತ್ರ ಶುದ್ಧವಾಗಿತ್ತು. ಅದನ್ನೇ ನಾನು ಸಲ ಸಲವೂ ಹಿಡಿದು ಲ್ಯಾಬಿಗೆ ಕಳಿಸಿದ್ದೆ. ಲೋಳೆಯೆಲ್ಲ ಹೋಗಿ, ರಾತ್ರಿ ಕಳೆದು, ಬೆಳಿಗ್ಗೆ ಬಂಡೆಯಿಂದ ಬಂದ ಹೊಸ ನೀರಿಗೆ ಪುಡಿ ಹಾಕಿದಾಗ ಅದೂ ನೇರಳೆಯಾಯಿತು.

ಆದರೆ ಅದಕ್ಕೆ ಮೊದಲೇ, ಲೋಳೆ ಹರಿಯುತ್ತಿದ್ದಾಗಲೇ, ನನ್ನ ನಾಲಿಗೆ ಹರಿದಿತ್ತು. ಅಕ್ಕ ಸಣ್ಣ ದನಿಯಲ್ಲಿ, "ತಪ್ಪಾಯ್ತೇನಮ್ಮ?" ಎಂದರು.

"ಮತ್ತೇನು? ಪರೀಕ್ಷೆಯ ಬೋರಿಗೆ ಯಾರಾದರೂ ಹಾಲು ಸುರೀತಾರಾ? ನಿಮ್ಮ ಪೂಜೆಯಿಂದ ಇಡೀ ಊರು ವಿಷ ಕುಡೀತು!" ಎಂದು ಎಲ್ಲರ ಮುಂದೆ ಕಿರುಚಿದೆ.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಕೀಲಿ ಕೊಟ್ಟವಳು ನಾನು. ನೀರು ಸರಿಯಾಗಿದೆ ಎಂದವಳು ನಾನು. ಅಷ್ಟೇ ಅಲ್ಲ, ನಮ್ಮ ಹೊಲದಲ್ಲಿ ಬೋರು ಕೊರೆಸಿ ನೀರು ಬಿದ್ದಾಗ, ಲಂಗ ತೊಟ್ಟ ನನ್ನ ಕೈಯಿಂದಲೇ ಅಪ್ಪ ಕೊಳವೆಯೊಳಕ್ಕೆ ಹಾಲು ಬೆಲ್ಲ ಬಿಡಿಸಿದ್ದರು. ಈ ಪೂಜೆಯಲ್ಲಿ ಏನೇನು ಎಲ್ಲಿಗೆ ಹೋಗುತ್ತದೆಂದು ನನಗಿಂತ ಚೆನ್ನಾಗಿ ಯಾವ ಎಂಜಿನಿಯರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ. ಅಕ್ಕ ಒಳಗೆ ಹೋಗಿ ಮೊಳೆಯ ಮೇಲಿನ ಕೀಲಿ ತಂದು, ನನ್ನ ಕೈಗೂ ಕೊಡದೆ, ಕಾರಿನ ಬಾನೆಟ್ಟಿನ ಮೇಲಿಟ್ಟು ಹೋದರು.

ನೀರು ಕುಡಿದವರನ್ನೆಲ್ಲ ತಾಲ್ಲೂಕು ಆಸ್ಪತ್ರೆಯವರು ಬಂದು ನೋಡಿದರು. "ಕುಡಿದದ್ದು ಸ್ವಲ್ಪ ದಿನ. ಸದ್ಯಕ್ಕೆ ಏನೂ ಕಾಣಿಸ್ತಿಲ್ಲ" ಎಂದು ಡಾಕ್ಟರು ಹೇಳಿದರು. ಆ 'ಸದ್ಯಕ್ಕೆ' ಎನ್ನುವ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ವರದಿ ಬರೆಯುವಾಗ ಹಿರಿಯರು 'ಸ್ಥಳೀಯರ ಹಸ್ತಕ್ಷೇಪದಿಂದ ಫಲಿತಾಂಶ ಕೆಟ್ಟಿದೆ' ಎಂಬ ಸಾಲು ಸೂಚಿಸಿದರು. ಸುಳ್ಳೇನಲ್ಲ. ಆ ಸಾಲನ್ನು ಹೊಡೆದುಹಾಕಿ, ಕೀಲಿ ಯಾರು ಯಾರಿಗೆ ಕೊಟ್ಟರು, ಪಂಪು ಎಲ್ಲಿಯವರೆಗೆ ಎತ್ತಿತು ಎಂದು ನಾನು ಬಿಡಿಸಿ ಬರೆದೆ. ಕಾಲೋನಿ ಕಡೆಗೆ ಹಳದಿ ಇನ್ನೂ ಬರುತ್ತಿದೆ, ಶುದ್ಧೀಕರಣ ಅಲ್ಲಿಯವರೆಗೆ ಮುಟ್ಟಿಲ್ಲ, ದೊಡ್ಡ ಬೋರು ತೆರೆಯಕೂಡದು ಎಂಬುದು ನಮ್ಮ ತೀರ್ಮಾನವಾಯಿತು. ಹಿರಿಯರು ಒಂದು ನಿಟ್ಟುಸಿರು ಬಿಟ್ಟು ಸಹಿ ಹಾಕಿದರು. ಬರೆಯುವುದು ಸುಲಭ, ಕಾಗದಕ್ಕೆ ಮುಖವಿಲ್ಲ. ಅಕ್ಕನ ಮುಂದೆ ಹೋಗಿ ನಿಲ್ಲುವುದು ಉಳಿದಿತ್ತು.

ಹೋದೆ. ಜಗಲಿಯ ಮೇಲೆ ಅದೇ ಹೆಂಗಸರಿದ್ದರು. ತಪ್ಪು ನಿಮ್ಮದಲ್ಲ, ನನ್ನದು ಎಂದು ಅವರೆಲ್ಲರ ಮುಂದೆಯೇ ಹೇಳಿದೆ. ಕಿರುಚಿದ್ದು ಎಲ್ಲರ ಮುಂದೆಯಾದ್ದರಿಂದ ಇದೂ ಎಲ್ಲರ ಮುಂದೆಯೇ ಆಗಬೇಕಿತ್ತು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಕ್ಕ ಎದ್ದು ಒಳಗೆ ಹೋಗಿ ಒಂದು ಲೋಟ ನೀರು, ಒಂದು ಉಂಡೆ ಬೆಲ್ಲ ತಂದು ನನ್ನ ಪಕ್ಕದಲ್ಲಿಟ್ಟರು.

"ಟ್ಯಾಂಕರ್ ನೀರೇ ಕಣಮ್ಮ. ಹೆದರ್ಬೇಡಿ" ಎಂದರು.

"ಅಕ್ಕ, ಅವತ್ತು ನಾನು ಕುಡೀಲಿಲ್ಲ..."

"ನೋಡ್ದೆ."

"ನೋಡಿದ ಮೇಲೂ ನೀವು ಕುಡಿದಿರಲ್ಲ?"

ಆಕೆ ಸೆರಗಿನ ತುದಿಯಿಂದ ಕೈ ಒರೆಸಿಕೊಂಡರು. "ನೀರು ಕೆಟ್ಟೈತೆ ಅಂತ ನಿಮ್ಗೆ ಅನುಮಾನ ಇದ್ದಿದ್ದು ನಂಗೇನ್ ಗೊತ್ತಮ್ಮ? ನಮ್ಮನೆ ಚೊಂಬು ಅಂತ ಮುಟ್ನಿಲ್ಲ ಅಂದ್ಕಂಡೆ. ಬಂದಾಗ್ಲಿಂದಾನೂ ಅಂಗೇ ಅಲ್ವಾ ನೀವು? ಅದ್ಕೇ ಸುಮ್ಕಾದೆ."

ಅಲ್ಲ ಅಕ್ಕ, ಅದಲ್ಲ ಎಂದು ಹೇಳಲು ಬಾಯಿ ತೆರೆದೆ. ಆದರೆ ಮೊದಲ ದಿನ ಆಕೆ ತಂದದ್ದೂ ಟ್ಯಾಂಕರ್ ನೀರೇ, ಮಧುಗಿರಿಯ ಲಾಡ್ಜಿನಲ್ಲಿ ನಾನು ದಿನಾ ಕುಡಿಯುತ್ತಿದ್ದಂಥದ್ದೇ. ಅದು ನನಗೆ ಅವತ್ತೇ ಗೊತ್ತಿತ್ತು. ಕೈಗವಸು ಬಿಚ್ಚಲು ಎಷ್ಟು ಹೊತ್ತು ಬೇಕು? ನಮ್ಮ ಮನೆಯ ಹಿತ್ತಲ ಗೂಡಿನಲ್ಲಿ ಹೊಲದ ಕೆಲಸಕ್ಕೆ ಬರುವವರಿಗೆಂದೇ ಬೋರಲು ಹಾಕಿಟ್ಟಿರುತ್ತಿದ್ದ ಎರಡು ಲೋಟಗಳು ನೆನಪಾದವು. ಲಿಂಗ ಕಟ್ಟಿದ ಮನೆ, ಎಲ್ಲರೂ ಒಂದೇ ಎನ್ನುವ ಮಾತು ದಿನಾ ಕೇಳಿಸುವ ಮನೆ, ಗೂಡು ಮಾತ್ರ ಬೇರೆ. ಆ ಗೂಡನ್ನು ಬಿಟ್ಟು ಬಂದಿದ್ದೇನೆ ಎಂದು ನಾನು ತಿಳಿದಿದ್ದೆ. ಅವತ್ತು ನಾನು ಚೊಂಬು ದೂಡಿದ್ದು ನೀರಿಗೆ ಹೆದರಿ, ನಿಜ. ಆದರೆ ಅದಕ್ಕೆ ಮೊದಲು ಅಷ್ಟು ಸಲ ದೂಡಿರದಿದ್ದರೆ, ಅವತ್ತು ಆಕೆ 'ಯಾಕಮ್ಮ?' ಎಂದು ಕೇಳುತ್ತಿದ್ದರು. ಕೇಳಿದ್ದರೆ ನಾನು ಹೇಳಿಬಿಡುತ್ತಿದ್ದೆನೇನೋ. ಆ ಒಂದು ಚೊಂಬು ನೀರಾದರೂ ಆಕೆಯ ಹೊಟ್ಟೆಗೆ ಹೋಗುತ್ತಿರಲಿಲ್ಲ.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಟ್ಯಾಂಕರಿನ ಹಾರ್ನ್ ಕೇಳಿಸಿತು. ಹೆಂಗಸರೆಲ್ಲ ದಡಬಡ ಎದ್ದು ಬಿಂದಿಗೆಗಳಿಗೆ ಕೈಹಾಕಿದರು. ನಾನು ಲೋಟ ಎತ್ತಿ ಪೂರ್ತಿ ಕುಡಿದು, ಕಾಣುವ ಹಾಗೆ ಬರಿದು ಲೋಟವನ್ನು ಜಗಲಿಯ ಮೇಲಿಟ್ಟೆ. ಅಕ್ಕ ನೋಡಲಿಲ್ಲ. ಎರಡು ಕೈಯಲ್ಲೂ ಬಿಂದಿಗೆ ಹಿಡಿದು ಸಾಲಿನ ಕಡೆಗೆ ಓಡುತ್ತಿದ್ದರು.